ಕ್ಯಾಲೆಂಡರಿನ ಬೆನ್ನ ಮೇಲೊಂದು ಬೋಟು

ಕುಕನೂರು
ಭಾನುವಾರ, ೧೫ ಡಿಸೆಂಬರ್ ೨೦೨೪

ನನ್ನ ಮಗಳು ಉಜ್ಮಾಗೆ,

ನಿನ್ನ ಅಬ್ಬಾನ ಸಲಾಮು ಮತ್ತು ದುವಾ. ಅಳಿಯ ಮುಜೀಬನಿಗೂ ನಮ್ಮ ಪುಟ್ಟ ಮೊಮ್ಮಗಳು ಖುಷ್ಬುಗೂ ಹೇಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಈ ಕಾಗದ ಇಪ್ಪತ್ತು ದಿನದ ಹಿಂದೆಯೇ ನಿನ್ನ ಕೈ ಸೇರಬೇಕಿತ್ತು. ದಿನಾ ಪೆನ್ನು ಹಿಡಿದು ಕೂತೆ, ದಿನಾ ಎದ್ದೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನಾನು "ಊಟ ಆತೇನ?" ಅಂತ ಕೇಳಿ ಮುಗಿಸುವವನು ಅನ್ನೋದು ನಿನಗೆ ಗೊತ್ತೇ ಇದೆ. ಈ ಸಲ ನಿನ್ನನ್ನು ಒಂದು ಕೇಳುವುದಿದೆ, ಆಮೇಲೆ ನಿನಗೆ ಒಂದು ಹೇಳುವುದಿದೆ. ಕೇಳುವುದು ಸುಲಭ. ಹೇಳುವುದಕ್ಕೇ ಇಷ್ಟು ದಿನ ಬೇಕಾಯಿತು.

ಬೋಟಿನ ಕತೆಯನ್ನು ಮೊದಲಿನಿಂದ ಹೇಳುತ್ತೇನೆ. ಅರ್ಧ ನಿನಗೆ ಗೊತ್ತು, ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹನುಮನಹಳ್ಳಿಯ ಹೊನ್ನೂರಪ್ಪ ನೆನಪಿದ್ದಾನಲ್ಲ, ನಮ್ಮ ಓಣಿಯ ಅಳಿಯ, ಹೊಳೆದಂಡೆಯಲ್ಲಿ ಬಾಳೆ ತೋಟ ಇರುವವನು? ದಸರೆ ಮುಗಿದ ಮರುವಾರ ಅವನು ಟ್ರೇಲರಿನಲ್ಲಿ ಒಂದು ಹಳೆಯ ಫೈಬರ್ ಬೋಟು ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿಯೇಬಿಟ್ಟ. ಬಿಸಿಲಿಗೆ ಬಣ್ಣ ಸುಲಿದಿತ್ತು, ತಳದಲ್ಲಿ ಎರಡು ಕಡೆ ಬಿರುಕು, ವೈರುಗಳನ್ನೆಲ್ಲ ಇಲಿ ತಿಂದು ಮುಗಿಸಿದ್ದವು. ಅವನ ತಮ್ಮನ ಮನೆ ಆಚೆ ದಂಡೆಯಲ್ಲಿದೆ. ಹೊಳೆ ತುಂಬಿದರೆ ಹರಿಗೋಲು ಹೋಗುವುದಿಲ್ಲ, ಎಂಬತ್ತು ದಾಟಿದ ತಾಯಿ ಮುದಕಮ್ಮ ಮಳೆಗಾಲವಿಡೀ ಕಿರಿಮಗನ ಮುಖ ನೋಡದೆ ಕೂರಬೇಕು. ಅದಕ್ಕಾಗಿ ಈ ಬೋಟು.

"ಗಂಗಾವತಿಯಾಗ ಮಾಡೋರು ಹತ್ತು ಮಂದಿ ಅದಾರಲ್ಲೋ, ಇಷ್ಟು ದೂರ ಯಾಕ ಹೊತಗೊಂಡು ಬಂದಿ?" ಅಂದೆ.

"ನನ್ನ ಟ್ರ್ಯಾಕ್ಟರಿಗೆ ನೀ ಹಾಕಿದ ವೈರು ಹದಿನೆಂಟು ವರ್ಷ ಆತು, ಇನ್ನಾ ಹಂಗ ಐತಿ. ಇದರಾಗ ನಮ್ಮವ್ವ ಕುಂದ್ರತಾಳ ರಾಜಾ. ಬ್ಯಾರೆದವ್ರ ಕೈಯಾಗ ಕೊಡಂಗಿಲ್ಲ" ಅಂದ.

ಈ ಮಾತಿಗೆ ನಾನು ಉಬ್ಬಿಹೋದೆ. ಹೊಳೆಯನ್ನು ಹೊಸಪೇಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ನೀರಿಗೂ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದ ನನಗೂ ಏನು ಸಂಬಂಧ? ಆದರೂ ಹೂಂ ಅಂದೆ. ಹೊಳೆಯೇ ಇಲ್ಲದ ಎರಿ ಹೊಲದ ಊರಿಗೆ ಬೋಟು ಬಂದಿದೆ ಅಂತ ಸುದ್ದಿಯಾಗಿ ದಿನಾ ಜನ ಬಂದರು. "ಜ್ವಾಳದಾಗ ಓಡಸ್ತೀರೇನ್ರಿ ರಾಜಾಸಾಬ್?" ಅಂತ ಕೇಳಿದವರೆಷ್ಟೋ. ನಿನ್ನ ಅಮ್ಮಿ ಮೊದಲ ದಿನ ಬೈದಳು, ಎರಡನೆಯ ದಿನ ಅದರೊಳಗೆ ಮೆಣಸಿನಕಾಯಿ ಒಣಹಾಕಿದಳು.

ಬಿರುಕುಗಳನ್ನು ಉಜ್ಜಿ, ಫೈಬರ್ ಬಟ್ಟೆ ಅಂಟಿಸಿ ಮುಚ್ಚಿದೆ. ಹಿಂದಿನ ಹಲಗೆ ಕೊಳೆತಿತ್ತು, ಹೊಸದು ಕೂರಿಸಿ ಎಂಜಿನ್ ಬಿಗಿದೆ. ಸ್ಟೇರಿಂಗ್ ಚಕ್ರದಿಂದ ಎಂಜಿನ್ ತನಕ ಕೇಬಲ್ ಎಳೆದೆ. ಚಕ್ರವನ್ನು ಒಂದಿಷ್ಟು ತಿರುಗಿಸಿದರೆ ಹಿಂದೆ ಅಷ್ಟು ದೊಡ್ಡ ಎಂಜಿನ್ನು ಮಾತು ಕೇಳುವ ಎತ್ತಿನಂತೆ ಹೊರಳುತ್ತಿತ್ತು. ನಲವತ್ತು ವರ್ಷ ಗಾಡಿಗಳ ನಡುವೆ ಬದುಕಿದವನು ನಾನು, ಆದರೂ ಸುಮ್ಮನೆ ನಿಂತು ಹತ್ತು ಸಲ ತಿರುಗಿಸಿ ನೋಡಿದೆ. ಅಮ್ಮಿ ನಕ್ಕಳು, ನಗಲಿ.

ಆಮೇಲೆ ವೈರಿಂಗ್. ಬ್ಯಾಟರಿ, ಸ್ವಿಚ್ಚಿನ ಹಲಗೆ, ಮುಂದೆ ಎರಡು ದೀಪ, ಹಾರ್ನು, ತಳದಲ್ಲಿ ಸೇರಿದ ನೀರನ್ನು ಹೊರಗೆ ಎಸೆಯುವ ಒಂದು ಪುಟ್ಟ ಪಂಪು. ಎಲ್ಲ ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ಗರ್ ಅಂದಿತು. ದೀಪ ಮಾತ್ರ ಹತ್ತಲಿಲ್ಲ. ಹಾರ್ನಿಲ್ಲ, ಪಂಪಿಲ್ಲ. ಬಲ್ಬು ಬದಲಿಸಿದೆ, ಫ್ಯೂಸು ಬದಲಿಸಿದೆ. ಎರಡು ದಿನ ಊಟ ರುಚಿಸಲಿಲ್ಲ. ಕಡೆಗೆ ಬೇರೆ ಏನೋ ಮಾತಿಗೆ ಅಂತ ನಿನಗೆ ಫೋನ್ ಮಾಡಿ ನಡುವೆ ಇದನ್ನೂ ಒದರಿದೆ.

"ಅಬ್ಬಾ, ಅರ್ಥ್ ವೈರು ಎಲ್ಲಿ ಕೊಟ್ಟೀರಿ?" ಅಂತ ಕೇಳಿದೆ ನೀನು.

"ಎಲ್ಲಿ ಕೊಡ್ತಾರ? ಬೋಟಿನ ಬಾಡೀಗೇ."

ನೀನು ನಗು ತಡೆದುಕೊಳ್ಳುತ್ತಿದ್ದೀ ಅಂತ ನನಗೆ ಗೊತ್ತಾಯಿತು. "ಟ್ರ್ಯಾಕ್ಟರಿಗೆ ಕಬ್ಬಿಣದ ಬಾಡಿ ಇರತೈತ್ರಿ ಅಬ್ಬಾ. ಬೋಟಿಗೆ ಎಲ್ಲೈತಿ? ಅದು ಪ್ಲಾಸ್ಟಿಕ್ ಬುಟ್ಟಿ ಇದ್ದಂಗ."

ಉಜ್ಮಾ, ಫೋನ್ ಇಟ್ಟು ನಾನು ಬೋಟಿನ ಅಂಚಿನ ಮೇಲೆ ಕೂತುಬಿಟ್ಟೆ. ಟ್ರ್ಯಾಕ್ಟರಿನಲ್ಲಿ ದೀಪಕ್ಕೆ ಒಂದೇ ವೈರು ಸಾಕು. ಹೋದ ಕರೆಂಟು ಗಾಡಿಯ ಕಬ್ಬಿಣದ ಮೈಯಿಂದಲೇ ತಿರುಗಿ ಬ್ಯಾಟರಿಗೆ ಬರುತ್ತದೆ. ನಲವತ್ತು ವರ್ಷ ಹಾಗೇ ಮಾಡಿದ ಕೈ, ಫೈಬರಿಗೊಂದು ಬೋಲ್ಟು ಹೊಡೆದು ಅದಕ್ಕೇ ಅರ್ಥ್ ವೈರು ಸುತ್ತಿತ್ತು. ಎಂಜಿನ್ನಿಗೆ ಮಾತ್ರ ಎರಡೂ ಕೇಬಲ್ ನೇರ ಬ್ಯಾಟರಿಯಿಂದ ಬಂದಿದ್ದವು, ಅದಕ್ಕೇ ಅದು ತಿರುಗಿತ್ತು. ಯಲಬುರ್ಗಿಯ ಅಡುಗೆಮನೆಯಲ್ಲಿ ನಿಂತು, ಬೋಟನ್ನು ಕಣ್ಣಲ್ಲಿ ಕಾಣದೆ, ನೀನು ಒಂದೇ ಮಾತಿಗೆ ಹೇಳಿಬಿಟ್ಟೆ.

ಎರಡು ದಿನಕ್ಕೆ ಮುಜೀಬ ಬಂದು ಆ ಹಾಳೆ ಕೊಟ್ಟ. "ಉಜ್ಮಾ ಬರದು ಕಳಿಸ್ಯಾಳ್ರಿ ಮಾಮಾ. ನನಗ ಒಂದೂ ತಿಳಿಯಲಿಲ್ಲ, ಆದ್ರ ಮಡಚಬ್ಯಾಡ್ರಿ ಅಂದಾಳ" ಅಂದ. ಹಳೆಯ ಕ್ಯಾಲೆಂಡರಿನ ಹಾಳೆ, ಅದರ ಬೆನ್ನ ಮೇಲೆ ಇಡೀ ಬೋಟು. ಹೋಗುವ ವೈರು ಕೆಂಪು, ತಿರುಗಿ ಬರುವ ವೈರು ಕಪ್ಪು. ಎಲ್ಲಿ ಎಷ್ಟು ದಪ್ಪದ ವೈರು, ಯಾವ ಫ್ಯೂಸು, ನೀರು ತಾಗದಂತೆ ಜೋಡಣೆಯನ್ನು ಎಷ್ಟು ಮೇಲೆ ಕಟ್ಟಬೇಕು, ಎಲ್ಲ ಬರೆದಿದ್ದೆ. ಖುಷ್ಬುವಿನ ಬಣ್ಣದ ಪೆನ್ಸಿಲ್ ತಾನೆ? ಒಂದು ಮೂಲೆಯಲ್ಲಿ ಅವಳು ಬರೆದ ಮೀನೂ ಇತ್ತು.

ಅಂಗಡಿಯಲ್ಲಿ ನನಗೆ ಸ್ಪ್ಯಾನರ್ ಕೊಡುತ್ತಾ ಕೂತಿರುತ್ತಿದ್ದ ಹುಡುಗಿ ನೀನು. ನಿನ್ನ ತಮ್ಮ ಅಸ್ಲಮ ಐ.ಟಿ.ಐಗೆ ಹೋದಾಗ ಅವನ ರೆಕಾರ್ಡ್ ಪುಸ್ತಕದ ನಕ್ಷೆಗಳನ್ನೆಲ್ಲ ನೀನೇ ಬರೆದುಕೊಟ್ಟೆ. ಅವನೀಗ ಟೆಂಪೋ ಓಡಿಸುತ್ತಾನೆ, ಅವನಿಗೆ ಅದೊಂದೂ ನೆನಪಿಲ್ಲ. ನಿನಗೆ ಎಲ್ಲ ನೆನಪಿದೆ. ಆ ಹಾಳೆಯನ್ನು ಗೋಡೆಗೆ ಅಂಟಿಸಿ ನೋಡುತ್ತಾ ನಿಂತೆ, ಚಹಾ ಆರಿಹೋಗಿದ್ದೂ ತಿಳಿಯಲಿಲ್ಲ.

ಆದರೂ ನನ್ನ ಬುದ್ಧಿ ನೋಡು. ನಿನ್ನ ನಕ್ಷೆಯಲ್ಲಿ ಒಂದು ತಪ್ಪು ಕಂಡುಹಿಡಿದೆ ಅಂತ ಖುಷಿಪಟ್ಟೆ. ಎಂಜಿನ್, ದೀಪ, ಹಾರ್ನು ಎಲ್ಲ ಮೇನ್ ಸ್ವಿಚ್ಚಿನ ಮೂಲಕ ಬಂದಿದ್ದವು. ನೀರೆಸೆಯುವ ಪಂಪಿನ ವೈರನ್ನು ಮಾತ್ರ ನೀನು ಮೇನ್ ಸ್ವಿಚ್ಚಿಗೆ ತಾಗಿಸದೆ, ಬೇರೆ ಫ್ಯೂಸು, ಒಂದು ತೇಲುಸ್ವಿಚ್ಚು ಕೊಟ್ಟು, ನೇರವಾಗಿ ಬ್ಯಾಟರಿಗೆ ಒಯ್ದಿದ್ದೆ. ಪಕ್ಕದಲ್ಲಿ ಸಣ್ಣಗೆ ಬರೆದಿದ್ದೆ: "ಎಲ್ಲಾರೂ ಮಲಗಿದ್ರೂ ಇದು ಎದ್ದಿರಬೇಕು." ಹುಡುಗಾಟ ಅಂದುಕೊಂಡೆ. ಮೇನ್ ಸ್ವಿಚ್ಚಿಗೇ ಸೇರಿಸಲು ಹೊರಟಿದ್ದೆ, ಅಷ್ಟರಲ್ಲಿ ಅಮ್ಮಿ ಮೆಣಸಿನಕಾಯಿ ಮೊರ ಹಿಡಿದು ಬಂದಳು.

"ಆಕಿ ಬರದಂಗ ಮಾಡ್ರಿ. ಮೊದಲ ನಿಮ್ಮಂಗ ಮಾಡಿ ಎರಡು ದಿನ ಉಪಾಸ ಕುಂತೀರಿ" ಅಂದಳು.

ಬಾಯಿ ಮುಚ್ಚಿಕೊಂಡು ನೀನು ಬರೆದಂತೆಯೇ ಮಾಡಿದೆ. ಸ್ವಿಚ್ ಒತ್ತಿದರೆ ಎರಡೂ ದೀಪ ಒಮ್ಮೆಲೇ ಹತ್ತಿದವು. ಅಮ್ಮಿ ತಲೆಯ ಮೇಲೆ ಸೆರಗು ಎಳೆದುಕೊಂಡು "ಮಾಷಾಲ್ಲಾ" ಅಂದಳು. ಅದು ನನಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತಿತ್ತು.

ನವೆಂಬರ್ ಇಪ್ಪತ್ತನಾಲ್ಕಕ್ಕೆ ಹನುಮನಹಳ್ಳಿಯಲ್ಲಿ ಬೋಟು ನೀರಿಗಿಳಿಯಿತು. ಹೊನ್ನೂರಪ್ಪ ಚಕ್ರ ಹಿಡಿದ, ನಾನು ನಡುವೆ, ಮುಂದೆ ಮುದಕಮ್ಮ. ಆಕೆ ಒಂದು ಹುಟ್ಟನ್ನು ಕಾಲ ಬಳಿ ಇಟ್ಟುಕೊಂಡೇ ಹತ್ತಿದ್ದಳು, ಯಂತ್ರದ ಮೇಲೆ ಅವಳಿಗೆ ನಂಬಿಕೆಯಿಲ್ಲ. ಉಜ್ಮಾ, ಹೊಳೆಯ ನಡುವಿನಿಂದ ಹೊಳೆಯನ್ನು ನೋಡುವುದು ಹೇಗಿರುತ್ತದೆ ಅಂತ ನಿನಗೆ ಹೇಗೆ ಹೇಳಲಿ! ಸೇತುವೆಯಿಂದ ನೋಡಿದಾಗ ನೀರು ಸುಮ್ಮನೆ ಬಿದ್ದುಕೊಂಡಿದೆ ಅನ್ನಿಸುತ್ತದೆ. ಅದರ ಮೇಲೆ ಕೂತಾಗ ಹಲಗೆಯ ಕೆಳಗೆ ಅದು ಜೀವಂತವಾಗಿ ಎಳೆಯುವುದು ಗೊತ್ತಾಗುತ್ತದೆ. ಎರಡೂ ಕಡೆ ಮನೆಯಷ್ಟೆತ್ತರದ ಬಂಡೆಗಳು, ಅವುಗಳ ಸಂದಿಯಲ್ಲಿ ಹಸಿರು ನೀರು. ಐವತ್ತೊಂಬತ್ತು ವರ್ಷ ಈ ನೀರಿಂದ ಅರವತ್ತು ಕಿಲೋಮೀಟರ್ ದೂರದಲ್ಲೇ ಇದ್ದೂ ನಾನು ಏನೂ ನೋಡಿರಲಿಲ್ಲ.

ಅರ್ಧ ದಾಟಿದ್ದೆವು. ಧಡ್ ಅಂತ ನೀರೊಳಗಿನ ಬಂಡೆಗೆ ಎಂಜಿನ್ನಿನ ತಿರುಗುವ ರೆಕ್ಕೆ ಬಡಿಯಿತು. ಎಂಜಿನ್ ನಿಂತಿತು. ಹೊನ್ನೂರಪ್ಪ ಗಾಬರಿಯಲ್ಲಿ ಕೀ ತಿರುಗಿಸಿದ, ಮತ್ತೆ ತಿರುಗಿಸಿದ. ಮೇನ್ ಸ್ವಿಚ್ಚಿನ ಫ್ಯೂಸು ಹಾರಿತು. ದೀಪ ಹೋಯಿತು, ಹಾರ್ನು ಹೋಯಿತು. ಬೋಟು ಅಡ್ಡ ತಿರುಗಿ ಕೆಳಕ್ಕೆ ಸಾಗತೊಡಗಿತು. ನನ್ನ ಪಾದಕ್ಕೆ ನೀರು ತಣ್ಣಗೆ ತಾಗಿತು. ನಾನು ಮುಚ್ಚಿದ್ದ ಬಿರುಕುಗಳಲ್ಲಿ ಒಂದು ಬಾಯಿ ಬಿಟ್ಟಿತ್ತು. ಎಂಬತ್ತರ ಮುದುಕಿಯನ್ನು ನನ್ನ ಕೈಯಾರೆ ಮುಳುಗಿಸುತ್ತಿದ್ದೇನೆ ಅನ್ನಿಸಿತು. ನನಗೆ ಈಜು ಬರುವುದಿಲ್ಲ ಅನ್ನೋದು ಆಗಲೇ ನೆನಪಾದದ್ದು.

ಆಗ ಹಲಗೆಯ ಕೆಳಗೆ ಗುಂಯ್ ಅಂತ ಸದ್ದು. ಬೋಟಿನ ಪಕ್ಕದ ತೂತಿನಿಂದ ಬೆರಳು ಗಾತ್ರದ ನೀರು ಹೊರಗೆ ಚಿಮ್ಮಿತು. ಯಾರೂ ಒತ್ತಿರಲಿಲ್ಲ. ತಳದಲ್ಲಿ ನೀರೇರಿದಂತೆ ತೇಲುಸ್ವಿಚ್ಚು ಎದ್ದು, ನಿನ್ನ ಪಂಪು ತನ್ನಷ್ಟಕ್ಕೆ ತಾನು ಓಡತೊಡಗಿತ್ತು.

ಮುದಕಮ್ಮ ಹುಟ್ಟು ಕೈಗೆತ್ತಿಕೊಂಡಿದ್ದಳು. "ಎಲ್ಲಾ ಸತ್ತೈತಿ, ಇದೊಂದು ಹೆಂಗ ಜೀವ ಹಿಡದೈತೋ ಯಪ್ಪಾ!" ಅಂದಳು. ಆಮೇಲೆ ಮಗನಿಗೆ, "ಕೀ ಬಿಡೋ, ಇನ್ನೊಂದು ಹುಟ್ಟು ತಗೋ" ಅಂತ ಗದರಿದಳು. ಅವರಿಬ್ಬರು ಹುಟ್ಟು ಹಾಕಿದರು. ಅರ್ಧ ತಾಸು ಆ ಪಂಪು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಮೇನ್ ಸ್ವಿಚ್ಚಿಗೆ ಸೇರಿಸಿದ್ದರೆ ಅದೂ ಸತ್ತಿರುತ್ತಿತ್ತು, ಹಾಗೆ ಸೇರಿಸಲು ಹೊರಟಿದ್ದವನು ನಾನೇ. ನನ್ನ ಮಗಳು ನೋಡದ ಹೊಳೆಯನ್ನು, ಆಗದ ಅಪಘಾತವನ್ನು ಮೊದಲೇ ಯೋಚಿಸಿದ್ದಳು.

ದಂಡೆ ಸೇರಿದ ಮೇಲೆ ಮುದಕಮ್ಮ ಕೇಳಿದಳು, "ಅದನ್ನ ಯಾರು ಮಾಡ್ಯಾರ ರಾಜಾಸಾಬಾ?"

"ನನ್ನ ಮಗಳು."

"ಶಾಣ್ಯಾಕಿ ಅದಾಳ. ಯಾವ ಸಾಲ್ಯಾಗ ಕಲತಾಳ?"

ನಾನು ಬಗ್ಗಿ ಒದ್ದೆ ಪ್ಯಾಂಟು ಹಿಂಡುತ್ತಾ ಕೂತೆ. ಕೇಳಿಸಲಿಲ್ಲ ಅಂದುಕೊಂಡಳೋ ಏನೋ, ಮತ್ತೆ ಕೇಳಲಿಲ್ಲ.

ಈಗ ಬಿರುಕು ಸರಿಮಾಡಿದ್ದೇವೆ, ಬೋಟು ಛಲೋ ಓಡುತ್ತಿದೆ. ಮುದಕಮ್ಮ ಕಿರಿಮಗನ ಮನೆಗೆ ಎರಡು ಸಲ ಹೋಗಿ ಬಂದಳಂತೆ. ಅದನ್ನು ನೋಡಿ ಆ ಕಡೆಯ ಇನ್ನಿಬ್ಬರು ತಮ್ಮ ಹಳೆಯ ಬೋಟುಗಳಿಗೂ ವೈರು ಹಾಕಿಕೊಡಿ ಅಂದಿದ್ದಾರೆ. "ನಕ್ಷೆ ಬರದಾಕೀನ ಕರಕೊಂಡು ಬಾ" ಅಂತ ಹೊನ್ನೂರಪ್ಪನ ಒತ್ತಾಯ. ನಾನು ಕೇಳುವುದು ಇಷ್ಟೇ: ನೀನು ಬರಬೇಕು. ನೀನು ಹೇಳಿದ್ದನ್ನು ನಾನು ಮಾಡುತ್ತೇನೆ, ಸ್ಪ್ಯಾನರ್ ಕೊಡುವವನು ನಾನು. ಮುಜೀಬನನ್ನು ಕೇಳಿದೆ. "ಆಕಿ ಕೆಲಸಕ್ಕ ನಾ ಯಾವಾಗ ಬ್ಯಾಡ ಅಂದೇನ್ರಿ ಮಾಮಾ?" ಅಂದ. ಪಾಪ, ಅವನು ಯಾವತ್ತೂ ಅಂದವನಲ್ಲ. ಆದರೆ ನನಗೆ ಹೂಂ ಅನ್ನುವ ಮೊದಲು ಕೆಳಗಿರುವುದನ್ನೂ ಓದು.

ಅಲ್ಲಾ ನಿನ್ನ ಕೈಗೆ, ನಿನ್ನ ಬುದ್ಧಿಗೆ ಬರಕತ್ ಕೊಡಲಿ. ಖುಷ್ಬುವಿಗೆ ನನ್ನ ಮುತ್ತು. ಅವಳ ಮೀನು ಇನ್ನೂ ನಮ್ಮ ಗೋಡೆಯ ಮೇಲಿದೆ ಅಂತ ಹೇಳು.

ನಿನ್ನ ಅಬ್ಬಾ,
ರಾಜಾಸಾಬ

ತಾ.ಕ.: ಜೊತೆಗೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ. ನೀನು ಹತ್ತನೆಯ ಇಯತ್ತೆ ಪಾಸಾದ ವರ್ಷ ಎಲೆಕ್ಟ್ರಿಶಿಯನ್ ಕೋರ್ಸಿಗೆ ನೀಲಿ ಪೆನ್ನಿನಲ್ಲಿ ತುಂಬಿದ ಐ.ಟಿ.ಐ ಫಾರ್ಮು. ಎರಡು ಜಡೆಯ ಫೋಟೋ ಇನ್ನೂ ಅಂಟಿಕೊಂಡೇ ಇದೆ. ಅದನ್ನು ಕೊಟ್ಟುಬರಲು ಕೊಪ್ಪಳಕ್ಕೆ ಹೋದ ನಾನು ಗೇಟಿನೊಳಗೆ ಗಂಡುಹುಡುಗರ ಸಾಲು ನೋಡಿದೆ, ಓಣಿಯ ಜನ ಏನಂದಾರು ಅಂತ ಹೆದರಿದೆ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ತಿರುಗಿ ಬಂದೆ. ತಾರೀಖು ಮುಗಿದುಹೋಗಿದೆಯಂತೆ ಅಂತ ನಿನಗೆ ಸುಳ್ಳು ಹೇಳಿದೆ. ನೀನು ಅಳಲಿಲ್ಲ. "ಇರ್ಲಿ ಬಿಡ್ರಿ ಅಬ್ಬಾ, ದಣದು ಬಂದೀರಿ" ಅಂತ ನನಗೆ ನೀರು ತಂದುಕೊಟ್ಟೆ. ಹರಿದು ಹಾಕಲು ಕೈ ಬರಲಿಲ್ಲ, ಒಂಬತ್ತು ವರ್ಷ ಫ್ಯೂಸಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಇದು ಅಮ್ಮಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬಾ. ಮನಸ್ಸಾಗದಿದ್ದರೆ ನಾನು ಏನೂ ಕೇಳುವುದಿಲ್ಲ. ಫಾರ್ಮಿನ ಮೇಲಿನ ಮೂಲೆಯಲ್ಲಿ ಕಡೆಯ ತಾರೀಖು ಅಚ್ಚಾಗಿದೆ, ನೋಡು. ನಾನು ಹೋದ ದಿನಕ್ಕೆ ಇನ್ನೂ ನಾಲ್ಕು ದಿನ ಬಾಕಿ ಇತ್ತು.