ಹೊಸ ಕಾರ್ಡು ಹಾಕಿದ ದಿನ

ಜಕ್ಕೂರು
30-9-2018, ಭಾನುವಾರ

ಪ್ರೀತಿಯ ಮುನೀಂದ್ರ,

ಹೇಗಿದ್ದೀಯಪ್ಪ? ಅಲ್ಲಿ ಈಗಲೇ ಹಿಮ ಬೀಳೋಕೆ ಶುರುವಾಗಿರಬೇಕು. ಕಾಲು ಬೆರಳು ಒಡೆದಿದ್ದು ವಾಸಿಯಾಯ್ತಾ? ಗಡಿಯ ಮೇಲಿನ ಪೋಸ್ಟಿಗೆ ಹೋದ ಮೇಲೆ ನಿನಗೆ ಫೋನೇ ಸಿಗ್ತಿಲ್ಲ, ಅದಕ್ಕೇ ಈ ಕಾಗದ. ಅತ್ತೆ ಗಟ್ಟಿಯಾಗಿದ್ದಾರೆ. ಸಂಜೆ ಬಾಗಿಲಲ್ಲಿ ಸೊಪ್ಪು ಬಿಡಿಸ್ತಾ ಕೂತು ‘ನಮ್ ಮುನಿ ಏನ್ ಉಂಡ್ನೋ ಏನೋ’ ಅಂತಿರ್ತಾರೆ. ನಾನೂ ಚೆನ್ನಾಗಿದ್ದೀನಿ ಅಂತ ಬರೆಯೋಕೆ ಹೋದ್ರೆ ಕೈ ಓಡ್ತಿಲ್ಲ. ನಿಮ್ಮಣ್ಣನ ವಿಷಯ ಹೇಳಬೇಕು. ಎಲ್ಲಾದರೂ ಒಂದು ಕಡೆ ಕೂತು ಓದು.

ಯುಗಾದಿಗೆ ದೊಡ್ಡ ಟಿವಿ ತಂದಿದ್ದು ನಿನಗೆ ಗೊತ್ತು. ‘ಫೋರ್ ಕೆ ಟಿವಿನೇ ತಗೋ ಅಣ್ಣ’ ಅಂತ ಹಠ ಹಿಡಿದವನೇ ನೀನು. ನೀವಿಬ್ಬರೂ ಎಸ್.ಪಿ. ರೋಡಲ್ಲಿ ಅಲೆದು ಸಾಮಾನು ತಂದು ಜೋಡಿಸಿದ್ರಲ್ಲ, ಆ ಕಂಪ್ಯೂಟರನ್ನೇ ಅದಕ್ಕೆ ಸಿಕ್ಕಿಸಿಕೊಂಡು, ನಿಮ್ಮಣ್ಣ ಶಾಲೆ ವ್ಯಾನು ನಿಲ್ಲಿಸಿ ಬಂದ ತಕ್ಷಣ ಕಾರ್ ರೇಸ್ ಆಡ್ತಿದ್ರು. ದಿನವೆಲ್ಲ ಥಣಿಸಂದ್ರದ ಟ್ರಾಫಿಕ್ಕಲ್ಲಿ ಮಕ್ಕಳನ್ನ ಕೂರಿಸಿಕೊಂಡು ಮೆಲ್ಲಗೆ ಓಡಿಸಿದ ಮನುಷ್ಯನಿಗೆ ಮನೆಗೆ ಬಂದು ಜೋರಾಗಿ ಓಡಿಸೋ ಆಸೆ. ಆಷಾಢದ ಹೊತ್ತಿಗೆ ‘ಚಿತ್ರ ಮಬ್ಬು’ ಅನ್ನೋಕೆ ಶುರು ಮಾಡಿದ್ರು. ‘ಹಳೇ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ದೊಡ್ಡ ಪರದೆ ತುಂಬಿಸೋ ತಾಕತ್ತಿಲ್ಲ ಕಲಾ, ಹೊಸದು ಹಾಕಿಸಿದ್ರೆ ಸರಿಹೋಗ್ತದೆ’ ಅಂದ್ರು. ಇರಬಹುದು ಅಂದುಕೊಂಡೆ. ಅದೇ ದಿನಗಳಲ್ಲಿ ವ್ಯಾನಿನ ಮುಂದಿನ ಗಾಜನ್ನೂ ಬೈಯೋಕೆ ಹಿಡಿದ್ರು. ಬೆಳಿಗ್ಗೆ ಎದ್ದರೆ ಗಾಜು ಒರೆಸೋದು, ಮತ್ತೆ ಒರೆಸೋದು. ‘ಇಂಗೇ ಉಜ್ಜುದ್ರೆ ಗಾಜು ಸವ್ದೋಯ್ತದೆ ಕಣ್ಲಾ’ ಅಂತ ಅತ್ತೆ ನಗ್ತಿದ್ರು. ಅವರ ಜೊತೆ ನಾನೂ ನಕ್ಕೆ.

ಆಗಸ್ಟ್ ಹದಿನೈದಕ್ಕೆ ವ್ಯಾನಿಗೆ ರಜ. ನಿಮ್ಮ ಖಾದರ್ ಬಾಷಾ ಆರ್.ಟಿ. ನಗರದ ಕಂಪ್ಯೂಟರ್ ಅಂಗಡಿ ಬಾಗಿಲು ಹಾಕಿ, ಹೊಸ ಕಾರ್ಡು ಹಿಡಿದು ತಾನೇ ಬಂದ. ಇಟ್ಟಿಗೆ ಥರ ಇತ್ತು, ಕಂಪ್ಯೂಟರ್ ಡಬ್ಬಿಯೊಳಗೆ ಹಿಡಿಸಲೇ ಇಲ್ಲ. ಇಬ್ಬರೂ ನೆಲದ ಮೇಲೆ ಕೂತು, ಒಳಗಿನ ತಗಡು ಬಿಚ್ಚಿ, ಬೈಕೊಂಡು ನಕ್ಕೊಂಡು ಕೂರಿಸಿದ್ರು. ಟಿವಿ ಹಾಕಿದ್ರೆ ನನಗೇ ಮೈ ಜುಂ ಅಂತು ಮುನಿ. ಮಳೆಗೆ ನೆಂದ ಟಾರು ರಸ್ತೆ, ಅದರ ಮೇಲೆ ದೀಪದ ಬೆಳಕು, ಬೇಲಿಯ ಒಂದೊಂದು ಎಲೆ. ಅತ್ತೆ ಸೌಟು ಹಿಡಿದೇ ಬಂದು ‘ಅಯ್ ಶಿವನೇ, ಕೈ ಚಾಚುದ್ರೆ ಎಲೆ ಕಿತ್ಕೋಬೋದಲ್ಲೋ’ ಅಂದ್ರು. ಖಾದರ್ ಬೀಗುತ್ತಾ ‘ಹೆಂಗೈತೆ ಗುರು?’ ಅಂದ. ನಿಮ್ಮಣ್ಣ ಮಾತ್ರ ‘ಏನೂ ವ್ಯತ್ಯಾಸ ಇಲ್ವಲ್ಲ ಬಾಷಾ. ಸರಿಯಾಗಿ ಕೂತಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಬಿಚ್ಚಿ ಹಾಕು’ ಅಂದ್ರು.

ಪಾಪ, ಅವನು ಬಿಚ್ಚಿ ಮತ್ತೆ ಹಾಕಿದ. ವೈರು ಬದಲಾಯಿಸಿದ. ಚಿತ್ರ ಹಾಗೇ ಹೊಳೀತಿತ್ತು. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೆಲ್ಲಗೆ ‘ಮಹೇಂದ್ರ, ಮಧ್ಯದಲ್ಲಿ ಏನ್ ಬರೆದೈತೆ ಓದು’ ಅಂದ. ಗೇಣುದ್ದದ ಅಕ್ಷರಗಳು. ನಿಮ್ಮಣ್ಣ ಎದ್ದು ಹತ್ತಿರ ಹೋದ್ರು, ಇನ್ನೂ ಹತ್ತಿರ, ಮೂಗು ಪರದೆಗೆ ತಾಗೋವರೆಗೂ. ಆಮೇಲೆ ನನ್ನ ಕಡೆ ತಿರುಗಿದ್ರು. ‘ಕಲಾ, ನಿನ್ನ ಓಲೆ ಕಾಣ್ತದೆ, ಮುಡಿದಿರೋ ಹೂ ಕಾಣ್ತದೆ. ಮಧ್ಯದಲ್ಲಿ ಮುಖ ಇಲ್ಲ ಕಣೇ’ ಅಂದ್ರು.

ತಕ್ಷಣ ಮೊಳೆಗೆ ನೇತುಹಾಕಿದ್ದ ವ್ಯಾನಿನ ಬೀಗದಕೈ ತಡವಿ ತೆಗೆದು ಖಾದರ್ ಕೈಗಿಟ್ರು. ‘ಬದಲಿ ಡ್ರೈವರಿಗೆ ಕೊಟ್ಬಿಡು, ನಾಳೆಯಿಂದ ಅವನೇ ಓಡಿಸ್ಲಿ’ ಅಂದ್ರು. ಆಮೇಲೆ ಗೋಡೆಗೆ ಒರಗಿ ಕುಸಿದು ಕೂತು, ‘ನಿನ್ನೆ ಮಕ್ಕಳಿದ್ರು ಕಣೇ ವ್ಯಾನಲ್ಲಿ, ನಿನ್ನೆ ಮಕ್ಕಳಿದ್ರು’ ಅಂತ ಅದನ್ನೇ ಹೇಳ್ತಿದ್ರು.

ಕಣ್ಣಾಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದ್ರು. ಕಣ್ಣಿನ ನರ ಒಣಗ್ತಿದೆಯಂತೆ. ಕನ್ನಡಕಕ್ಕೆ ಸರಿಹೋಗಲ್ಲ, ಆಪರೇಷನ್ನೂ ಇಲ್ಲ. ಅಂಚಿನಲ್ಲಿರೋದು ಕಾಣ್ತಾ ಇರುತ್ತೆ, ನೇರ ನೋಡಿದ್ದು ಮಾತ್ರ ಕಾಣಲ್ಲ. ಖಾದರ್ ಬಂದು ಕಾರ್ಡು ವಾಪಸ್ ತಗೋತೀನಿ ಅಂದ. ಇವರು ಬೇಡ ಅಂದ್ರು, ‘ಮುನಿ ರಜಕ್ಕೆ ಬಂದ್ರೆ ಆಡ್ತಾನೆ.’ ಈಗಲೂ ಸಂಜೆ ಟಿವಿ ಮುಂದೆ ಕೂರ್ತಾರೆ. ನಾನು ಪಕ್ಕದಲ್ಲಿ ಕೂತು ‘ಎಡಕ್ಕೆ ರೀ, ಬಲಕ್ಕೆ ರೀ’ ಅಂತೀನಿ. ನಾನು ಹೇಳೋಷ್ಟರಲ್ಲಿ ಕಾರು ಬೇಲಿಗೆ ಹೊಡೆದಿರುತ್ತೆ. ಮೊನ್ನೆ ಜೋರಾಗಿ ನಕ್ಕುಬಿಟ್ರು. ನಗ್ತಾ ನಗ್ತಾನೇ ಅಳೋಕೆ ಶುರು ಮಾಡಿದ್ರು. ಒಳಗಿದ್ದ ಅತ್ತೆಗೆ ಕೇಳಿಸಬಾರದು ಅಂತ ನಾನು ಟಿವಿ ಶಬ್ದ ಜಾಸ್ತಿ ಮಾಡಿದೆ.

ನೀನು ಎದೆಗುಂದಬೇಡ. ನಿನ್ನ ಡ್ಯೂಟಿ ನೀನು ಮಾಡು, ಮನೆ ನಾನು ನೋಡ್ಕೋತೀನಿ. ಬ್ಯಾಟರಾಯಪ್ಪನವರ ಗಾರ್ಮೆಂಟ್ಸಲ್ಲಿ ನನಗೆ ಕೆಲಸ ಸಿಕ್ಕಿದೆ. ಅತ್ತೆ ನಿನಗೆ ಹರಸಿದ್ದಾರೆ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತಿಗೆ,
ಕಲಾವತಿ

ಮುನಿ, ಇನ್ನೊಂದು ಮಾತು. ನಿಮ್ಮಣ್ಣ ಪಕ್ಕದಲ್ಲೇ ಕೂತು ಇಲ್ಲಿವರೆಗಿನದನ್ನ ಓದಿಸಿಕೊಂಡ್ರು. ಇನ್ನು ಬರೆಯೋದನ್ನ ಅವರಿಗೆ ಓದಿ ಹೇಳಲ್ಲ. ಇದು ತಾಯಿಯ ರಕ್ತದಿಂದ ಬರೋ ಕಾಯಿಲೆಯಂತೆ, ‘ತಮ್ಮಂದಿರು ಯಾರಾದ್ರೂ ಇದ್ದಾರಾ’ ಅಂತ ಡಾಕ್ಟ್ರು ಕೇಳಿದ್ರು. ನಿನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ, ಅವನಿಗೆ ಹೇಳಬೇಡ ಅಂತ ಇವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಗಲಿಲ್ಲಪ್ಪ ನನಗೆ. ಸಿಗರೇಟು, ಕುಡಿತ ಏನಿದ್ರೂ ಇವತ್ತೇ ಬಿಡು, ಅವು ಈ ಕಾಯಿಲೆನ ಬೇಗ ತರುತ್ತವಂತೆ. ಅಲ್ಲಿನ ಡಾಕ್ಟ್ರಿಗೆ ಕಣ್ಣು ತೋರಿಸು. ಇದು ತನ್ನ ರಕ್ತದಿಂದ ಬಂತು ಅಂತ ಅತ್ತೆಗೆ ಮಾತ್ರ ಯಾವತ್ತೂ ಗೊತ್ತಾಗಬಾರದು. ಈಗ ಒಂದು ಕಣ್ಣು ಮುಚ್ಚಿ ಈ ಸಾಲು ಓದು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದು. ಎರಡರಲ್ಲೂ ಸರಿಯಾಗಿ ಕಾಣ್ತಿದೆ ತಾನೇ?