ಖಾತೆದಾರರು ಬರಲಾರರು

ಸಂಗೀತ ತಂತ್ರಾಂಶ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರೇ,

ನನ್ನ ಗಂಡ ಮಾಡಿದ ಹಾಡು ನಿಮ್ಮ ಬೀಗದೊಳಗಿದೆ. ಕೊಡಿ ಎಂದು ಕೇಳಿದಾಗಲೆಲ್ಲ ನಿಮ್ಮ ಕಚೇರಿ ಒಂದೇ ಉತ್ತರ ಬರೆಯುತ್ತದೆ: ಖಾತೆದಾರರೇ ಮುಖ ತೋರಿಸಿ ದೃಢೀಕರಿಸಬೇಕು. ಖಾತೆದಾರರು ಮೋಹನದಾಸ್. ಇಲ್ಲೇ ಅಬುಧಾಬಿಯ ಖಾಲಿದಿಯಾದಲ್ಲಿರುವ ಟ್ರಾವೆಲ್ ಕಚೇರಿಯೊಂದರಲ್ಲಿ ಅಕೌಂಟೆಂಟ್ ಆಗಿದ್ದರು. ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬ್ಯಾಂಕ್ ಅವರ ಕಾರ್ಡ್ ನಿಲ್ಲಿಸಿತು, ನಿಮ್ಮ ತಿಂಗಳ ಶುಲ್ಕ ಸಂದಾಯವಾಗಲಿಲ್ಲ, ಆ ತಿಂಗಳೇ ನಿಮ್ಮ ಬೀಗ ಬಿತ್ತು. ಮರಣ ಪ್ರಮಾಣಪತ್ರ ಕಳಿಸಿದೆ. ಅದಕ್ಕೆ ಧನ್ಯವಾದ ಹೇಳಿ, ಅವರಿಂದಲೇ ಲಾಗಿನ್ ಮಾಡಿಸಿ ಎಂದಿರಿ. ಎಲ್ಲಿಂದ ಮಾಡಿಸಲಿ, ಮಾನ್ಯರೇ? ದೇಹವನ್ನು ಊರಿಗೆ ಕಳಿಸುವ ಕಾಗದಪತ್ರಕ್ಕೂ ಯಾರೂ ಅವರನ್ನೇ ಕರೆತನ್ನಿ ಎನ್ನಲಿಲ್ಲ.

ಆಫೀಸು ಮುಗಿಸಿ ಬಂದವರು ಸಂಜೆಯೆಲ್ಲ ನಿಮ್ಮ ತಂತ್ರಾಂಶದ ಮುಂದೆ ಕೂತು ಕೊಳಲು, ತಾಳ ಜೋಡಿಸುತ್ತಿದ್ದರು. ಕೊನೆಯದು ನಾವಿಬ್ಬರೂ ಹಾಡಬೇಕಿದ್ದ ಹಾಡು. ಅವರ ಭಾಗ ಮುಗಿದಿತ್ತು, ನನ್ನದು ಬಾಕಿಯಿತ್ತು. ಅವರ ಗೆಳೆಯ ರಮೀಝ್ ಬಳಸುತ್ತಿದ್ದುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಂಡು, ಒಳಗೆ ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದದ್ದು.

"ಇದಕ್ಕೆ ಬನ್ನಿ ಮೋಹನಣ್ಣ. ಬೀಗ ಅಂತ ಎಂತದೂ ಇಲ್ಲ."

"ಪುಕ್ಕಟೆ ಸಿಕ್ಕಿದ್ದಕ್ಕೆ ನಾಳೆ ಯಾರನ್ನು ಕೇಳುವುದು ಮಾರಾಯ? ಇವರದ್ದು ದೊಡ್ಡ ಕಂಪನಿ, ಫೋನ್ ಎತ್ತಲಿಕ್ಕೆ ಜನ ಉಂಟು."

ಜನ ಇರುವುದು ನಿಜ. ಎತ್ತಿದರು ಕೂಡ.

ಮಗಳು ನಿಖಿತಾ "ಲೀವ್ ಇಟ್, ಅಮ್ಮಾ" ಎಂದಳು. ನಾನು ರಮೀಝ್‌ನನ್ನು ಕರೆದೆ. ಅವನು ಲ್ಯಾಪ್‌ಟಾಪ್ ಜಾಲಾಡಿ ಹೇಳಿದ: "ಅಕ್ಕ, ಅವರು ಹಾಡಿದ ಸ್ವರ ಉಂಟು. ರೆಕಾರ್ಡ್ ಮಾಡಿದ್ದು ಇಲ್ಲೇ ಬಿದ್ದಿದೆ. ಕೊಳಲು, ತಾಳ ಎಲ್ಲ ಮಾಫಿ, ಸಿಗುವುದಿಲ್ಲ. ಅದು ತೆರೆಯಲಿಕ್ಕೆ ಅವರೇ ಆಗಬೇಕು." ಆ ಸ್ವರವನ್ನು ತನ್ನ ತಂತ್ರಾಂಶದಲ್ಲಿ ತೆರೆದ. ಎರಡು ಸಾಲುಗಳ ನಡುವೆ ಇವರು ಗಂಟಲು ಸರಿಮಾಡಿಕೊಂಡು, "ಜಲಜಾ, ಮಿಕ್ಸಿ ಒಮ್ಮೆ ಬಂದ್ ಮಾಡು" ಎಂದರು. ಮಿಕ್ಸಿ ನಿಂತಿತು. ನಿಖಿತಾ ಎದ್ದು ಕೋಣೆಗೆ ಹೋದಳು. ನಾನು ರಮೀಝ್‌ನ ಹತ್ತಿರ, ಪಕ್ಕದ ಬಟನ್ ಯಾತಕ್ಕೆ ಎಂದು ಕೇಳಿದೆ.

ಬೇಸಿಗೆಯಿಡೀ ಕಲಿತೆ. ಕೊಳಲು ನಾನೇ ಕೂರಿಸಿದೆ, ನನ್ನ ಸಾಲುಗಳನ್ನು ಹಾಡಿದೆ. ಇವರು ಮಾಡಿದಷ್ಟು ಚೆನ್ನಾಗಿಲ್ಲ. ಆದರೆ ಯಾರ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ನೀನು ಯಾರೆಂದು ಕೇಳುವುದಿಲ್ಲ. ಈಗ ಶನಿವಾರಗಳಂದು ನಮ್ಮ ಭಜನಾ ಮಂಡಳಿಯವರಿಗೂ ಈ ತಂತ್ರಾಂಶ ಹೇಳಿಕೊಡುತ್ತಿದ್ದೇನೆ. ಈ ಪತ್ರವನ್ನು ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ; ಓದುವ ಹಾಡುಗಾರರೇ, ನೀವೂ ಮುಕ್ತ ತಂತ್ರಾಂಶಕ್ಕೆ ಬದಲಾಗಿ. ಬದುಕಿರುವಾಗಲೇ ಬದಲಾದರೆ ಮನೆಯವರಿಗೆ ಅನುಕೂಲ.

ಮಾನ್ಯರೇ, ಖಾತೆದಾರರು ಸತ್ತರೆ ಅವರ ಕೆಲಸವನ್ನು ಎಲ್ಲೆಡೆ ತೆರೆಯುವ ರೂಪದಲ್ಲಿ ಮನೆಯವರಿಗೆ ಒಪ್ಪಿಸುವ ನಿಯಮ ಮಾಡಿ. ಮತ್ತೊಂದು: ಈಚೆಗೆ ನಿಮ್ಮ ಕಚೇರಿಯಿಂದ ವಾರವಾರವೂ ಇವರಿಗೆ ಇಮೇಲ್ ಬರುತ್ತಿದೆ. "ಮೋಹನದಾಸ್, ನೀವಿಲ್ಲದೆ ನಮಗೆ ಬೇಸರ. ಮರಳಿ ಬನ್ನಿ." ದಯವಿಟ್ಟು ಅದನ್ನು ನಿಲ್ಲಿಸಿ. ಆ ಮಾತನ್ನು ನಾನೇ ಇನ್ನೂ ಹೇಳಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ಯಾರೂ ಅಲ್ಲದ
ಜಲಜಾಕ್ಷಿ
ಖಾಲಿದಿಯಾ, ಅಬುಧಾಬಿ