ಆರು ಗಂಟೆ ಕಾದ ಚೀಸ್ ಪಫ್

ಶನಿವಾರ, ನವೆಂಬರ್ 16, ಕೋಬೆ

ಮದುವೆಯಾಗಿ ಈ ಊರಿಗೆ ಬಂದು ಮೂರೇ ವಾರ. ಇವತ್ತು ಮಧ್ಯಾಹ್ನ ನಮ್ಮ ಯೆಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಊಟದ ಮೇಜಿನ ಮೇಲೆ, ಕೋಳಿ ಪಲಾವಿನ ಪಕ್ಕದಲ್ಲೇ, ನನ್ನ ಚೀಸ್ ಪಫ್ ಡಬ್ಬಿ ಇಟ್ಟುಬಿಟ್ಟೆ. ಮಾಂಸ, ಹಾಲು ಎರಡನ್ನೂ ನಾವು ಒಟ್ಟಿಗೆ ತಿನ್ನುವಂತಿಲ್ಲ. ತವರಿನಲ್ಲಿ ಶನಿವಾರ ಹಾಲಿನ ಊಟ; ಇಲ್ಲಿ ಮಾಂಸದ್ದೆಂದು ನನಗೇನು ಗೊತ್ತು? ಎಲ್ಲರೂ ಡಬ್ಬಿಯನ್ನೇ ನೋಡಿದರು. ಇನ್ನು ನನಗಿಲ್ಲಿ ಗೆಳತಿಯರು ಸಿಕ್ಕ ಹಾಗೇ ಅಂದುಕೊಂಡೆ.

ಹಿರಿಯರಾದ ಮಝಲ್ ಆಂಟಿ ಡಬ್ಬಿ ಎತ್ತಿಕೊಂಡರು. “ಏನೇ ಮದುಮಗಳೇ, ಮಾಂಸದ ಜೊತೆ ಚೀಸಾ? ನಿನ್ನ ಮುಖ ನೋಡ್ತಾ ನಿನ್ ಗಂಡ ಹೇಳೋದೇ ಮರೆತ್ನಾ?”

ಎಲ್ಲರೂ ನಕ್ಕರು.

“ಈಗ ಕೋಳಿ ತಿನ್ನು. ಮಾಂಸ ತಿಂದ್ಮೇಲೆ ಇದಕ್ಕೆ ಆರು ಗಂಟೆ ಕಾಯ್ಬೇಕು. ನಮ್ಮನೇಲೇ ಕಾಯೋಣ ಬಾ.”

ನಾಲ್ವರು ಹೆಂಗಸರು ಹರಟುತ್ತ ಕಾದೆವು. ರಾತ್ರಿ ಏಳಕ್ಕೆ ಡಬ್ಬಿ ಖಾಲಿ. ಹೊರಡುವಾಗ ಆಂಟಿ, “ಮುಂದಿನ ವಾರ ಆಲೂಗಡ್ಡೆ ತುಂಬ್ಸು” ಅಂದರು.

ಮುಂದಿನ ವಾರ, ಅಂದರು. ನನ್ನ ಗಂಡ ಗದಿ, ದೀಪ ಆರಿಸು ಅನ್ನುತ್ತಿದ್ದಾನೆ, ನನಗೆ ನಿದ್ದೆಯೇ ಬರುತ್ತಿಲ್ಲ.